ಹತ್ತು ವಾರದಲ್ಲಿ ಸ್ವಾಹಿಲಿ: ಕನ್ನಡದ ಮೂಲಕ ಕಲಿಯೋಕೆ ದಾರಿ ಇದೆಯಾ?

ಹೇಮಾವತಿ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಿ.ಎಡ್. ಮುಗಿಸುತ್ತಿದ್ದೇನೆ, ವಿಷಯ ಗಣಿತ. ಪರೀಕ್ಷೆ ಬರೆದು ಜುಲೈ ಎರಡನೇ ವಾರ ತಾಂಜಾನಿಯಾಕ್ಕೆ ಹೊರಡುತ್ತೇನೆ. ಕಿಲಿಮಂಜಾರೋ ತಪ್ಪಲಿನ ಮೋಶಿ ಪಟ್ಟಣದ ಹತ್ತಿರ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಅಲ್ಲಿ ಎಂಟು ವಾರ, ಮೂರನೇ ಮತ್ತು ನಾಲ್ಕನೇ ತರಗತಿಯ ಲೆಕ್ಕದ ಪಾಠಕ್ಕೆ ಅಲ್ಲಿನ ಟೀಚರ್ ಜೊತೆ ನಿಲ್ಲಬೇಕು. ಸ್ವಯಂಸೇವೆ, ಸಂಬಳವಿಲ್ಲ. ಊಟ, ವಸತಿ ಒಂದು ಮನೆಯಲ್ಲಿ.

ಕಳಿಸುವವರು "ಇಂಗ್ಲಿಷ್ ಬಂದರೆ ಸಾಕು" ಅಂದರು. ನನಗೆ ಸಮಾಧಾನವಾಗಲಿಲ್ಲ. ಅಲ್ಲಿ ಹೆಚ್ಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠವೆಲ್ಲ ಸ್ವಾಹಿಲಿಯಲ್ಲಿ, ಇಂಗ್ಲಿಷ್ ಮಾಧ್ಯಮ ಬರುವುದು ಪ್ರೌಢಶಾಲೆಗೆ ಹೋದಾಗ. ಅಂದರೆ ನಾನು ನಿಲ್ಲುವ ತರಗತಿಯ ಮಕ್ಕಳಿಗೆ ನನ್ನ ಇಂಗ್ಲಿಷ್ ಬರೀ ಸದ್ದು. ಈ ಸಂಕಟ ನನಗೆ ಗೊತ್ತು. ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮಾಧ್ಯಮ. ವರ್ಗಸಮೀಕರಣ ಬಿಡಿಸೋದರಲ್ಲಿ ಶಾಲೆಗೇ ಮೊದಲು ಬರುತ್ತಿದ್ದೆ. ಪಿಯುಸಿಗೆ ಹೋದ ಮೊದಲ ವಾರ ಮೇಡಂ "ಕ್ವಾಡ್ರಾಟಿಕ್ ಈಕ್ವೇಶನ್" ಅಂದಾಗ ಅದು ಇದೇ ಅಂತ ತಿಳಿಯದೆ ಎರಡು ದಿನ ಬಾಯಿ ಮುಚ್ಚಿಕೊಂಡು ಕೂತೆ. ಮೂರನೇ ಕ್ಲಾಸಿನ ಮಗುವಿನ ಎದುರು ನಾನು ಆ ಮೇಡಂ ಆಗಬಾರದು.

ಮೂರು ವಾರದಿಂದ ಮೊಬೈಲ್ ಆ್ಯಪ್‌ನಲ್ಲಿ ಕಲಿಯುತ್ತಿದ್ದೇನೆ. ಕೇಳೋದು, ಹೇಳೋದು ಪರವಾಗಿಲ್ಲ, ಹತ್ತರವರೆಗೆ ಅಂಕಿಗಳೂ ಬಂದಿವೆ. ಆದರೆ ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ. ಸ್ವಾಹಿಲಿಯಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಎರಡು ಸಲ ತಿರುಗಿಸಿಕೊಳ್ಳುವಷ್ಟರಲ್ಲಿ ತಲೆ ದಣಿಯುತ್ತದೆ. ನಾಮಪದಗಳಿಗೆ ಒಂದೊಂದು ಗುಂಪು, ಗುಂಪಿಗೆ ತಕ್ಕಂತೆ ಇಡೀ ವಾಕ್ಯ ಬದಲಾಗುತ್ತದೆ ಅನ್ನುವ ಕಡೆ ಪೂರ್ತಿ ಸಿಕ್ಕಿಕೊಂಡಿದ್ದೇನೆ.

ಇರುವ ಹತ್ತು ವಾರದಲ್ಲಿ ಯಾವುದು ಮೊದಲು ಕಲಿಯಲಿ? ಕನ್ನಡದಿಂದ ನೇರವಾಗಿ ಕಲಿತವರು ಯಾರಾದರೂ ಇದ್ದೀರಾ? ಇನ್ನೊಂದು: ನಾನು ಮಾಂಸ, ಮೀನು ತಿನ್ನೋದಿಲ್ಲ. ಇದನ್ನು ಅಲ್ಲಿ ಯಾರ ಮನಸ್ಸಿಗೂ ನೋವಾಗದ ಹಾಗೆ ಹೇಳೋದು ಹೇಗೆ?

---

ಅರೂಶಾ_ಅಕ್ಕ ಬರೆದದ್ದು:

ತಂಗೀ, ನಾನು ಶಿರಸಿ ಕಡೆಯವಳು. ಅರೂಶಾಕ್ಕೆ ಬಂದು ಒಂಬತ್ತು ವರ್ಷವಾಯಿತು, ಮೋಶಿ ನಮ್ಮ ಪಕ್ಕದ ಊರು. ಮೊದಲ ವರ್ಷ ನಾನೂ ಇಂಗ್ಲಿಷ್ ಪುಸ್ತಕ ಹಿಡಿದೇ ಕಲಿತೆ, ತಲೆಗೆ ಹತ್ತಲಿಲ್ಲ. ಒಂದು ದಿನ ಸಂತೆಯಲ್ಲಿ ಅಕ್ಕಿ ಕೊಳ್ಳೋವಾಗ "ವಾಲಿ" ಬೇಕು ಅಂದೆ. ಅಂಗಡಿಯ ಹೆಂಗಸು, ವಾಲಿ ಬೇಕಾದರೆ ಹೋಟೆಲಿಗೆ ಹೋಗಮ್ಮ, ಇಲ್ಲಿರೋದು "ಮ್ಚೇಲೆ" ಅಂದಳು. ಗದ್ದೆಯಲ್ಲಿರೋದು "ಮ್ಪುಂಗ", ಅಂಗಡಿಯಲ್ಲಿರೋದು "ಮ್ಚೇಲೆ", ತಟ್ಟೆಯಲ್ಲಿರೋದು "ವಾಲಿ". ಭತ್ತ, ಅಕ್ಕಿ, ಅನ್ನ! ಇಂಗ್ಲಿಷಿನಲ್ಲಿ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಮಾತು, ನಾನು ಅದರಲ್ಲಿ ಕಲಿತದ್ದಕ್ಕೇ ತಪ್ಪಿದ್ದು. ಎಳನೀರಿಗೆ "ದಾಫು", ಬಲಿತ ಕಾಯಿಗೆ "ನಾಜಿ". ಕಾಯಿ ತುರಿಯುವ ಮಣೆ ಕೂಡ ಇದೆ, ನಮ್ಮ ಅಡುಗೆಮನೆಯದರ ಹಾಗೇ ಮೇಲೆ ಕೂತು ತುರಿಯೋದು. ಅದನ್ನು "ಂಬೂಜಿ" ಅಂತಾರೆ, ಆಡು ಅನ್ನೋದಕ್ಕೂ ಅದೇ ಮಾತು. ಅವತ್ತಿನಿಂದ ನಾನು ನೋಟ್ ಪುಸ್ತಕದಲ್ಲಿ ಇಂಗ್ಲಿಷ್ ಕಾಲಮ್ಮನ್ನೇ ತೆಗೆದೆ. ನೀನೂ ತೆಗೆ.

ನಿನ್ನನ್ನು ಹೆದರಿಸಿರುವ ಗುಂಪುಗಳ ವಿಷಯ. ನಾವು "ಇಬ್ಬರು ಮಕ್ಕಳು" ಅಂತೀವಿ, "ಎರಡು ಪುಸ್ತಕ" ಅಂತೀವಿ. ಅಂಕಿ ಒಂದೇ, ಮನುಷ್ಯರಿಗೆ ಒಂದು ರೂಪ, ವಸ್ತುವಿಗೆ ಒಂದು ರೂಪ. ಹುಡುಗ "ಬಿದ್ದ", ಪುಸ್ತಕ "ಬಿತ್ತು". ಇದನ್ನು ನಮಗೆ ಯಾರೂ ವ್ಯಾಕರಣ ಅಂತ ಕಲಿಸಲಿಲ್ಲ, ಬಾಯಿಗೆ ಬಂದುಬಿಟ್ಟಿದೆ. ಸ್ವಾಹಿಲಿಯಲ್ಲಿ ಮಗು "ಮ್ತೋತೊ", ಮಕ್ಕಳು "ವತೋತೊ". ಪುಸ್ತಕ "ಕಿತಾಬು", ಪುಸ್ತಕಗಳು "ವಿತಾಬು". ಇಬ್ಬರು ಮಕ್ಕಳು ಅಂದರೆ "ವತೋತೊ ವವೀಲಿ", ಎರಡು ಪುಸ್ತಕ ಅಂದರೆ "ವಿತಾಬು ವಿವೀಲಿ". ಮಕ್ಕಳು ಬಿದ್ದರು ಅನ್ನೋದಕ್ಕೆ "ವತೋತೊ ವಮೆಅಂಗೂಕ", ಪುಸ್ತಕಗಳು ಬಿದ್ದವು ಅನ್ನೋದಕ್ಕೆ "ವಿತಾಬು ವಿಮೆಅಂಗೂಕ". ಶುರುವಿನ ಅಕ್ಷರ ವಾಕ್ಯದುದ್ದಕ್ಕೂ ಪ್ರಾಸದ ಹಾಗೆ ಹಿಂದೆ ಬರುತ್ತೆ. ನಮ್ಮಲ್ಲಿ ಗುಂಪು ಕಡಿಮೆ, ಅವರಲ್ಲಿ ಹೆಚ್ಚು, ಅಷ್ಟೇ ವ್ಯತ್ಯಾಸ. ಎಂಟು ವಾರಕ್ಕೆ ಈ ಎರಡು ಗುಂಪು ಗಟ್ಟಿ ಮಾಡು. ಉಳಿದದ್ದು ಕಿವಿಗೆ ಬೀಳ್ತಾ ಬರುತ್ತೆ. ಪದದ ಕ್ರಮ ಮಾತ್ರ ನಮಗೆ ತಿರುಗುಮುರುಗು, ಮೊದಲು ಪುಸ್ತಕ, ಆಮೇಲೆ ಎರಡು.

ಕ್ರಿಯಾಪದವಂತೂ ಕನ್ನಡವನ್ನು ಕನ್ನಡಿಯಲ್ಲಿ ನೋಡಿದ ಹಾಗೆ. "ಓದುತ್ತೇನೆ" ಅನ್ನೋದರಲ್ಲಿ ಮೊದಲು ಓದು, ನಡುವೆ ಕಾಲ, ಕೊನೆಗೆ ನಾನು. "ನಿನಸೋಮ" ಅನ್ನೋದರಲ್ಲಿ "ನಿ" ಅಂದರೆ ನಾನು, "ನ" ಅಂದರೆ ಈಗ, "ಸೋಮ" ಅಂದರೆ ಓದು. ಓದಿದೆ ಅನ್ನೋದಕ್ಕೆ "ನಿಲಿಸೋಮ", ಓದುವೆ ಅನ್ನೋದಕ್ಕೆ "ನಿತಸೋಮ". ಒಂದೇ ಎಚ್ಚರಿಕೆ: ಅವರ "ನಿ" ನಮ್ಮ ನೀನು ಅಲ್ಲ, ನಾನು. ನೀನು ಅನ್ನೋದಕ್ಕೆ "ಉ". ಕನ್ನಡದವರು ತಿಂಗಳುಗಟ್ಟಲೆ ಎಡವೋದು ಇಲ್ಲೇ. ಹಾಗೇ "ಒಲ್ಲೆ", "ಅರಿಯೆ" ಅಂತ ಒಂದೇ ಮಾತಿನಲ್ಲಿ ಇಲ್ಲ ಅನ್ನುವ ಕ್ರಮ ನಮ್ಮಲ್ಲಿದೆಯಲ್ಲ, ಅದೂ ಅವರಲ್ಲಿದೆ. "ಸಿತಾಕಿ" ಒಲ್ಲೆ, "ಸಿಜೂಯಿ" ಅರಿಯೆ. ತಿಳಿಯಲಿಲ್ಲ ಅನ್ನೋದಕ್ಕೆ "ಸಿಎಲೇವಿ". ಇದನ್ನು ಮೊದಲ ದಿನವೇ ಕಲಿ, ಹೇಳೋಕೆ ಸಂಕೋಚಪಡಬೇಡ.

ಉಚ್ಚಾರಕ್ಕೆ ಕನ್ನಡ ಲಿಪಿಯಲ್ಲೇ ಬರೆದುಕೋ. ಒಂದನೇ ಕ್ಲಾಸಿನಲ್ಲಿ ಙ, ಞ ಬಾಯಿಪಾಠ ಮಾಡಿದ್ದೆವಲ್ಲ, ಆಮೇಲೆ ಎಲ್ಲೂ ಬಳಸದೆ ಬಿಟ್ಟದ್ದು, ಇಲ್ಲಿ ದಿನಾ ಬೇಕು. ಟೊಮೆಟೊಗೆ "ಞಾಞ", ಮನೆಗೆ "ಞುಂಬ", ಹಸುವಿಗೆ "ಙೋಂಬೆ". "ಅಂಗಡಿ" ಅನ್ನೋವಾಗ ಗ ನುಂಗಿಬಿಟ್ಟರೆ ಉಳಿಯುವ ಮೂಗಿನ ಸದ್ದೇ ಆ ಙ. ಒತ್ತು ಹೆಚ್ಚುಕಮ್ಮಿ ಯಾವಾಗಲೂ ಕೊನೆಯಿಂದ ಎರಡನೇ ಅಕ್ಷರಕ್ಕೆ, ಅದಕ್ಕೇ ಅಲ್ಲಿ ದೀರ್ಘ ಹಾಕಿ ಬರೆದಿದ್ದೇನೆ.

ಊಟದ ಮಾತು. "ಸೀಲಿ ಞಾಮ" ಅಂದರೆ ಮಾಂಸ ತಿನ್ನೋದಿಲ್ಲ ಅಂತ. ಆದರೆ ಅಷ್ಟೇ ಅಂದರೆ ಕೋಳಿ ಬಡಿಸಬಹುದು. "ಸೀಲಿ ಞಾಮ, ಕೂಕು, ವಾಲ ಸಮಾಕಿ" ಅನ್ನು. ಮಾಂಸ, ಕೋಳಿ, ಮೀನು ಮೂರೂ ಇಲ್ಲ ಅಂತಾಯಿತು. ಮೋಶಿಯ ಚಗ್ಗಾ ಜನರ ಮನೆಯಲ್ಲಿ "ಮ್ತೋರಿ" ಅಂತ ಬಾಳೆಕಾಯಿಯ ಗಟ್ಟಿ ಸಾರು ಮಾಡ್ತಾರೆ, ಸಾಮಾನ್ಯವಾಗಿ ಮಾಂಸ ಹಾಕಿಯೇ. ಕೇಳಿ ಬಡಿಸಿಕೋ. "ಮಹರಾಗೆ" ಅಂದರೆ ಹುರುಳಿಕಾಯಿ ಜಾತಿಯ ಕಾಳು, "ಮ್ಚೀಚ" ಅಂದರೆ ನಮ್ಮ ಹರಿವೆ ಸೊಪ್ಪು. ಇವೆರಡು, ಜೊತೆಗೆ ಉಗಾಲಿ ಇದ್ದರೆ ಹೊಟ್ಟೆ ತುಂಬುತ್ತೆ. ಉಗಾಲಿ ಜೋಳದ ಹಿಟ್ಟಿನ ಮುದ್ದೆ, ಮೆಕ್ಕೆಜೋಳದ್ದು. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಅದ್ದಿ ತಿನ್ನೋದು. ಹಾಸನದವಳಿಗೆ ಇದನ್ನು ಕಲಿಸಬೇಕಾಗಿಲ್ಲ, ಆದರೆ ನುಂಗಬೇಡ, ಅವರು ಅಗಿದು ತಿನ್ನುತ್ತಾರೆ.

ಭಾಷೆಯದಲ್ಲದ ಒಂದು ಮಾತು: ಸಂಬಳವಿಲ್ಲದ ಕೆಲಸಕ್ಕೂ ಇಲ್ಲಿ ಪರವಾನಗಿ ಬೇಕು, ಪ್ರವಾಸಿ ವೀಸಾ ಸಾಲದು. ಅದನ್ನು ಯಾರು ಮಾಡಿಸುತ್ತಾರೆ ಅಂತ ಈಗಲೇ ಕೇಳಿ ಇಟ್ಟುಕೋ.

---

ಧಾರವಾಡದಾಂವ ಬರೆದದ್ದು:

ನಮಸ್ಕಾರ್ರೀ. ನಾ ದಾರ್ ಎಸ್ ಸಲಾಂ ಒಳಗ ಮೂರು ವರ್ಷ ಇದ್ದಾಂವ, ಮಶೀನ್ ರಿಪೇರಿ ಕೆಲಸಕ್ಕ. ಅಕ್ಕಾವ್ರು ಹೇಳಿದ್ದು ಎಲ್ಲಾ ಖರೆ ಐತಿ. ನಾ ಗಡಿಯಾರದ ವಿಷಯಾ ಅಷ್ಟ ಹೇಳ್ತೀನಿ, ಯಾಕಂದ್ರ ಶಾಲಿಗೆ ಹೋಗಾಕಿಗೆ ಇದು ಭಾಳ ಬೇಕಾಗ್ತದ.

ಹೋದ ಹೊಸದಾಗಿ ದೊಡೊಮಾಕ್ಕ ಒಂದು ಬಿಡಿಭಾಗ ಒಯ್ಯಬೇಕಾಗಿತ್ತು. ಬಸ್ ಎಷ್ಟಕ್ಕ ಅಂತ ಕೇಳಿದೆ, "ಸಾ ಮೋಜ" ಅಂದ್ರು. ಮೋಜ ಅಂದ್ರ ಒಂದು. ಮಧ್ಯಾಹ್ನ ಒಂದಕ್ಕ ಹೋಗಿ ನಿಂತೆ. ಬಸ್ ಮುಂಜಾನೆ ಏಳಕ್ಕ ಹೋಗಿಬಿಟ್ಟಿತ್ತು. ಅಲ್ಲೆ ತಾಸು ಎಣಸೂದು ಸೂರ್ಯ ಹುಟ್ಟಿದ ಮ್ಯಾಲೆ. ಸೂರ್ಯ ಹುಟ್ಟಿ ಒಂದು ತಾಸಾದ್ರ ಸಾ ಮೋಜ, ಅಂದ್ರ ನಮ್ಮ ಏಳು. ನಮ್ಮ ಎಂಟು ಅವರ ಎರಡು, "ಸಾ ಂಬೀಲಿ". ನಡು ಮಧ್ಯಾಹ್ನ ಹನ್ನೆರಡು ಅಂದ್ರ "ಸಾ ಸೀತ", ಆರು. ಸಂಜೀ ಏಳಕ್ಕ ಮತ್ತ ಒಂದರಿಂದ ಶುರು. ಭೂಮಧ್ಯರೇಖೆಗೆ ಸನೇದ ಇರೂದ್ರಿಂದ ವರ್ಷಾಪೂರ್ತಿ ಸೂರ್ಯ ಹುಟ್ಟೂ ವ್ಯಾಳ್ಯಾ ಹೆಚ್ಚು ಬದಲಾಗಂಗಿಲ್ಲ, ಅದಕ್ಕ ಈ ಲೆಕ್ಕ ನಡೀತದ. ನಮ್ಮಜ್ಜ ಪಂಚಾಂಗ ಹಿಡದು ಸೂರ್ಯೋದಯದಿಂದ ಘಳಿಗಿ ಎಣಸ್ತಿದ್ದ, ಅದ ನೆನಪಾತು ನನಗ. ಮುಳ್ಳಿನ ಗಡಿಯಾರ ಇದ್ರ ಸರಳ ಐತ್ರೀ: ಸಣ್ಣ ಮುಳ್ಳಿನ ಎದರಾಬದರಾ ಯಾವ ಅಂಕಿ ಐತಿ ಅದನ್ನ ಓದ್ರಿ. ಮೊಬೈಲ್ ಒಳಗ ನಮ್ಮಂಗನ ತೋರಸ್ತದ, ಬಾಯಾಗ ಅವರ ಲೆಕ್ಕ. ಶಾಲಿಯವರು ಯಾವುದಾರ ವ್ಯಾಳ್ಯಾ ಹೇಳಿದ್ರ "ಅಸುಬೂಹಿ"ನೋ "ಉಸೀಕು"ನೋ ಅಂತ ಕೇಳ್ಕೊಳ್ರಿ. ಮುಂಜಾನೆ, ರಾತ್ರಿ.

ವಾರಾನೂ ಹಂಗ. ಎಣಿಕಿ ಶನಿವಾರದಿಂದ. "ಜುಮಮೋಸಿ" ಶನಿವಾರ, "ಜುಮಪೀಲಿ" ರವಿವಾರ, "ಜುಮತಾತು" ಸೋಮವಾರ. ತಾತು ಅಂದ್ರ ಮೂರು ಅಂತ ಮೂರನೇ ದಿನ ಬುಧವಾರ ಅನಕೋಬ್ಯಾಡ್ರಿ.

ಇನ್ನ ಸಂಬಂಧದ ಹೆಸರು. ನಮ್ಮ ಕಡೆ ದಾದಾ ಅಂದ್ರ ಅಣ್ಣ, ಕಾಕಾ ಅಂದ್ರ ಚಿಕ್ಕಪ್ಪ. ಅಲ್ಲೆ "ದಾದ" ಅಂದ್ರ ಅಕ್ಕ, "ಕಾಕ" ಅಂದ್ರ ಅಣ್ಣ! ಅಂಗಡ್ಯಾಗ, ಬಸ್ಸಿನ್ಯಾಗ ಎಲ್ಲಾರೂ ಹಿಂಗ ಕರೀತಾರ, ನಾವು ಅಕ್ಕಾರ, ಅಣ್ಣಾರ ಅಂದಂಗ. ಚಿಕ್ಕಪ್ಪಗ "ಬಾಬ ಮ್ದೋಗೊ", ಅಂದ್ರ ಸಣ್ಣ ಅಪ್ಪ. ದೊಡ್ಡಪ್ಪಗ "ಬಾಬ ಮ್ಕೂಬ್ವ", ದೊಡ್ಡ ಅಪ್ಪ. ಸೋದರಮಾವಗ ಬ್ಯಾರೆ ಹೆಸರು "ಮ್ಜೋಂಬ", ಸೋದರತ್ತಿಗೆ ಬ್ಯಾರೆ "ಶಂಗಾಜಿ". ನೀವು ಇರೂ ಮನ್ಯಾಗ ಯಾರು ಯಾರಿಗೆ ಏನಾಗಬೇಕು ಅನ್ನೂದು ನಿಮಗ ಲಗೂನ ತಿಳೀತದ. ಸಾಬೂನಿಗೆ ಸಬೂನಿ, ವಕೀಲಗ ವಕೀಲಿ, ಬಂದರಿಗೆ ಬಂದಾರಿ, ಲಕ್ಷಕ್ಕ ಲಾಕಿ, ಆಟೋರಿಕ್ಷಾಕ್ಕ ಬಜಾಜಿ. ಇಂಥಾವು ಒಂದು ಹಾಳ್ಯಾಗ ಬರದು ಇಟ್ಕೊಳ್ರಿ, ಧೈರ್ಯ ಬರ್ತದ.

---

ಮಡಿಕೇರಿ_ಮಳೆ ಬರೆದದ್ದು:

ನಾನು 2018ರಲ್ಲಿ ಮೋಶಿಯ ಮೇಲಿನ ಹಳ್ಳಿಯೊಂದರಲ್ಲಿ ಆರು ವಾರ ಸ್ವಯಂಸೇವೆಗೆ ಇದ್ದೆ, ಕಾಫಿ ಬೆಳೆಗಾರರ ಜೊತೆ. ಬಾಳೆಯ ನೆರಳಿನಲ್ಲಿ ಅರೇಬಿಕಾ ಗಿಡಗಳು, ತೋಟದ ನಡುವೆಯೇ ಮನೆ. ಮೊದಲ ವಾರ ಊರಿಗೆ ವಾಪಸ್ ಬಂದ ಹಾಗೇ ಅನಿಸಿತ್ತು.

ವ್ಯಾಕರಣಕ್ಕೆ ಅಷ್ಟು ಸಮಯ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಲವತ್ತು ವಾಕ್ಯ ಗಟ್ಟಿಯಾಗಿ ಬರಲಿ, ಸಾಕು. ಆದರೆ ಅದರಲ್ಲಿ ಅರ್ಧದಷ್ಟು ನಮಸ್ಕಾರದ ಮಾತುಗಳೇ ಇರಲಿ. ಅಲ್ಲಿ ಕುಶಲ ಕೇಳದೆ ನೇರ ಕೆಲಸದ ಮಾತಿಗೆ ಇಳಿದರೆ ಒರಟುತನ. "ಹಬಾರಿ ಜ ಅಸುಬೂಹಿ" ಅಂತ ಬೆಳಗಿನ ಕುಶಲ, ಆಮೇಲೆ ಮನೆಯದು, ಕೆಲಸದ್ದು, ಪ್ರಯಾಣದ್ದು, ಒಂದೊಂದಾಗಿ ಕೇಳುತ್ತಾರೆ. ಎಲ್ಲದಕ್ಕೂ ಉತ್ತರ "ನ್ಜೂರಿ", ಅಂದರೆ ಚೆನ್ನಾಗಿದೆ. ಕಷ್ಟವಿದ್ದರೂ ಮೊದಲು ನ್ಜೂರಿ, ಆಮೇಲೆ ಕಷ್ಟ.

ಹಿರಿಯರಿಗೆ "ಶಿಕಮೋ" ಅನ್ನಲೇಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಅನ್ನುವ ಮಾತು ಸವೆದು ಹೀಗಾಗಿದೆ ಎಂದು ಅವರೇ ಹೇಳುತ್ತಾರೆ. ಅವರು "ಮರಹಾಬ" ಅನ್ನುತ್ತಾರೆ. ನಾನಿದ್ದ ಮನೆಯ ಅಜ್ಜಿ ಮೊದಲ ಮೂರು ದಿನ ನನ್ನ ಕಡೆ ತಿರುಗಿ ನೋಡಿರಲಿಲ್ಲ. ನಾಲ್ಕನೇ ದಿನ ಹುಡುಗನೊಬ್ಬ ಹೇಳಿಕೊಟ್ಟಂತೆ ಬಾಗಿಲಲ್ಲಿ ನಿಂತು "ಹೋದಿ" ಎಂದು ಕೂಗಿ, "ಕರೀಬು" ಎಂದು ಒಳಗಿನಿಂದ ಕೇಳುವವರೆಗೂ ಕಾದು, ಒಳಗೆ ಹೋಗಿ ಶಿಕಮೋ ಅಂದೆ. ಅವತ್ತು ತನ್ನ ಪಕ್ಕದಲ್ಲೇ ಮಣೆ ಹಾಕಿಸಿ ಗಂಜಿ ಕೊಟ್ಟಳು. "ಉಜಿ ವ ಉಲೇಜಿ". ಒಂದು ಗುಟುಕು ಕುಡಿದೆ, ರಾಗಿ! ರಾಗಿಯ ಮೂಲ ನೆಲವೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ ಅಂತ ಓದಿದ್ದೆ, ನಾಲಿಗೆಗೆ ಗೊತ್ತಾದದ್ದು ಅವತ್ತು.

ಇನ್ನೊಂದು ಮಾತು "ಪೋಲೆ". ಯಾರಾದರೂ ಎಡವಿದರೆ, ಜ್ವರ ಬಂದರೆ, ದೂರದಿಂದ ನಡೆದು ಬಂದರೆ, ಹೊಲದಲ್ಲಿ ದುಡಿಯುತ್ತಿದ್ದರೆ "ಪೋಲೆ" ಅನ್ನಬೇಕು. ನಾವು "ಅಯ್ಯೋ ಪಾಪ" ಅಂತೀವಲ್ಲ, ಅದರ ಹತ್ತಿರ. ತಪ್ಪು ನಿಮ್ಮದಾದರೆ ಮಾತ್ರ "ಸಮಹಾನಿ".

ತರಗತಿಗೆ: ಒಬ್ಬರಿಗೆ ಹೇಳುವ ಮಾತಿನ ಕೊನೆಯ "ಅ"ವನ್ನು "ಎ" ಮಾಡಿ "ನಿ" ಸೇರಿಸಿದರೆ ಹಲವರಿಗೆ ಹೇಳಿದಂತೆ. "ಸಿಮಮೇನಿ" ಎದ್ದು ನಿಲ್ಲಿ, "ಕಾಏನಿ" ಕೂತುಕೊಳ್ಳಿ, "ಸಿಕಿಲಿಜೇನಿ" ಕೇಳಿ, "ರುದಿಯೇನಿ" ಮತ್ತೆ ಹೇಳಿ. ಮಕ್ಕಳು ಎದ್ದು ನಿಂತು "ಶಿಕಮೋ ಮ್ವಲೀಮು" ಅನ್ನಬಹುದು. ಅದಕ್ಕೆ ನೀವು ಶಿಕಮೋ ಅಂತ ತಿರುಗಿ ಹೇಳಬೇಡಿ, ಮರಹಾಬ ಅನ್ನಿ.

---

ಅರೂಶಾ_ಅಕ್ಕ ಬರೆದದ್ದು:

ಮಡಿಕೇರಿಯವರೇ, ಶಿಕಮೋ ಬಗ್ಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ವ್ಯಾಕರಣ ಬೇಡ ಅನ್ನೋದನ್ನು ಮಾತ್ರ ಒಪ್ಪಲಾರೆ. ತೋಟದಲ್ಲಿ ನಲವತ್ತು ವಾಕ್ಯ ಸಾಕಾಗುತ್ತೆ. ಈ ಹುಡುಗಿ ಲೆಕ್ಕ ಕಲಿಸೋಳು. ಎರಡು ಕುರ್ಚಿ, ಮೂರು ಮಕ್ಕಳು, ಐದು ಪುಸ್ತಕ ಅನ್ನದೆ ಮೂರನೇ ಕ್ಲಾಸಿನ ಲೆಕ್ಕ ಇದೆಯಾ? ಪ್ರತಿ ವಾಕ್ಯದಲ್ಲೂ ಅಂಕಿ, ಪ್ರತಿ ಅಂಕಿಗೂ ಗುಂಪಿನ ಗುರುತು.

ತಂಗೀ, ನಿನಗೆ ಬೇಕಾದ ನಾಲ್ಕು ಮಾತು ಇಲ್ಲಿವೆ. ಗಣಿತಕ್ಕೆ "ಹಿಸಬಾತಿ", ನಮ್ಮ ಹಿಸಾಬಿನ ಬಂಧು. ಕೂಡು ಅನ್ನೋದಕ್ಕೆ "ಜುಮ್ಲೀಶ", ಕಳೆ ಅನ್ನೋದಕ್ಕೆ "ತೋವ", ಗುಣಿಸು "ಜಿದೀಶ", ಭಾಗಿಸು "ಗವಾಞ". ಅಂಕಿಗಳಲ್ಲಿ ಒಂದರಿಂದ ಐದು ಮತ್ತು ಎಂಟು ಗುಂಪಿಗೆ ತಕ್ಕ ಹಾಗೆ ಬದಲಾಗುತ್ತವೆ. ಸೀತ, ಸಾಬ, ತೀಸ ಅಂದರೆ ಆರು, ಏಳು, ಒಂಬತ್ತು. ಇವು ಅರಬ್ಬಿಯಿಂದ ಬಂದವು, ಬದಲಾಗೋದಿಲ್ಲ. ಹತ್ತು, "ಕೂಮಿ", ಅದೂ ಬದಲಾಗೋದಿಲ್ಲ. ದಿನಾ ಮನೆಯಲ್ಲಿರುವ ವಸ್ತುಗಳನ್ನು ಎಣಿಸಿ ಹೇಳು. ಕಿವಿಗೆ ಬಿಬಿಸಿ ಸ್ವಾಹಿಲಿ ಹಾಕಿಕೊಂಡು ಅಡುಗೆ ಮಾಡು. ಅರ್ಥವಾಗದಿದ್ದರೂ ಅದರ ಏರಿಳಿತ ಕೂರುತ್ತೆ.

---

ಹೇಮಾವತಿ_ದಂಡೆ ಬರೆದದ್ದು:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ? ಇಷ್ಟು ದಿನ ಗುಂಪುಗಳ ಪಟ್ಟಿ ನೋಡಿದರೆ ಪುಸ್ತಕ ಮುಚ್ಚುತ್ತಿದ್ದೆ. "ಇಬ್ಬರು ಮಕ್ಕಳು, ಎರಡು ಪುಸ್ತಕ" ಓದಿದ ರಾತ್ರಿ ಹನ್ನೊಂದರವರೆಗೆ ಎಚ್ಚರವಿದ್ದು ಬರೆದೆ. ಅಮ್ಮ ಅಡುಗೆಮನೆಯಲ್ಲಿ ಏನು ಮುಟ್ಟಿದರೂ ಎಣಿಸುತ್ತಿದ್ದೇನೆ. ಪರವಾನಗಿ ಬಗ್ಗೆ ಇವತ್ತೇ ಮೇಲ್ ಕಳಿಸಿದೆ. ಮಣಿಕಟ್ಟಿಗೆ ಅಪ್ಪನ ಹಳೇ ಮುಳ್ಳಿನ ಗಡಿಯಾರ ಕಟ್ಟಿಕೊಂಡಿದ್ದೇನೆ, ಎದುರಿನ ಅಂಕಿ ಓದುವ ಅಭ್ಯಾಸಕ್ಕೆ.

ಮೂರನೇ ತರಗತಿಗೆ ನನ್ನ ಮೊದಲ ಲೆಕ್ಕ ನಾನೇ ಬರೆದೆ. ಪುಸ್ತಕ ನೋಡಿಲ್ಲ. ತಪ್ಪಿದ್ದರೆ ತಿದ್ದಿ ಅಕ್ಕ:

"ಆಶ ಅನ ವಿತಾಬು ವಿತಾತು. ಮಾಮ ಅನಾಂಪ ವಿತಾಬು ವಿವೀಲಿ. ಸಾಸ ಅನ ವಿತಾಬು ಙ್ಗಾಪಿ?"

ಆಶಾ ಹತ್ತಿರ ಮೂರು ಪುಸ್ತಕ ಇವೆ, ಅಮ್ಮ ಅವಳಿಗೆ ಎರಡು ಪುಸ್ತಕ ಕೊಡುತ್ತಾಳೆ, ಈಗ ಅವಳ ಹತ್ತಿರ ಎಷ್ಟು ಪುಸ್ತಕ ಇವೆ ಅಂತ. ಆಶಾ ಅನ್ನುವ ಹೆಸರು ಅಲ್ಲೂ ಇದೆ ಅಂತ ಓದಿ ಅದನ್ನೇ ಇಟ್ಟೆ.

ಶಿಕಮೋ ದಾದ.

---

ಅರೂಶಾ_ಅಕ್ಕ ಬರೆದದ್ದು:

ಮರಹಾಬ, ತಂಗಿ.

ವಿತಾತು, ವಿವೀಲಿ ಎರಡೂ ಸರಿ. ಮಗುವಿಗೆ ಕೊಡೋದನ್ನು "ಅನಾಂಪ" ಅಂತ ಒಂದೇ ಮಾತಿನಲ್ಲಿ ತಂದಿದ್ದೀಯಲ್ಲ, ಅದು ನನಗೆ ವರ್ಷ ಹಿಡಿದಿತ್ತು. ಒಂದೇ ಕಡೆ ತಿದ್ದುಪಡಿ: "ಎಷ್ಟು" ಅನ್ನೋದೂ ಗುಂಪಿಗೆ ತಕ್ಕ ಹಾಗೆ ಬದಲಾಗುತ್ತೆ. ಪುಸ್ತಕಕ್ಕೆ "ವಿಙ್ಗಾಪಿ", ಮಕ್ಕಳಿಗೆ "ವಙ್ಗಾಪಿ". ಹಳಗನ್ನಡದಲ್ಲಿ ವಸ್ತುವಿಗೆ ಎನಿತು, ಜನಕ್ಕೆ ಎನಿಬರು ಅಂತಿದ್ದರಲ್ಲ, ಹಾಗೆ. "ಸಾಸ ಅನ ವಿತಾಬು ವಿಙ್ಗಾಪಿ?" ಅಂತ ಬರೆದುಕೋ.

ಆಶಾಳ ಹತ್ತಿರ ಈಗ ವಿತಾಬು ವಿತಾನೊ.